ಅತ್ತೆಯ ತವರಿಗೊಂದು ನಕ್ಷೆ

ದಾರಿ ಕೇಳುವುದಕ್ಕೆ ನಾಚುವ ಗಂಡಸರ ಪಂಗಡಕ್ಕೆ ಸೇರಿದವನು ನಾನು. ನಮ್ಮ ಪಂಗಡದವರು ಎಲ್ಲ ಊರುಗಳಲ್ಲೂ ಇದ್ದಾರೆ. ಮದುವೆಮನೆಯ ವಾಲಗ ಕಿವಿಗೆ ಬೀಳುತ್ತಿದ್ದರೂ ಯಾರನ್ನೂ ಒಂದು ಮಾತು ಕೇಳದೆ, ಇದ್ದಬದ್ದ ಬೀದಿಗಳನ್ನೆಲ್ಲ ಸುತ್ತಿ, ಊಟದ ಎಲೆ ಎತ್ತುವ ಹೊತ್ತಿಗೆ ಚಪ್ಪರದೊಳಗೆ ಕಾಲಿಟ್ಟು, “ಈ ಕಡೆಯಿಂದಲೂ ಒಂದು ದಾರಿ ಇದೆ, ನೋಡಿಕೊಂಡು ಬಂದೆ” ಎನ್ನುವವರು ನಾವು. ನನ್ನದು ಚಳ್ಳಕೆರೆ ಕಡೆಯ ಬಯಲು. ಅಲ್ಲಿ ದಾರಿ ತಪ್ಪುವುದು ಸುಲಭವಲ್ಲ. ತಪ್ಪಿದವನು ಎತ್ತ ಹೋಗುತ್ತಿದ್ದಾನೆ ಎನ್ನುವುದು ಮನೆಯ ಜಗಲಿಗೇ ಕಾಣಿಸುತ್ತದೆ. ಹೊಸೂರಿನ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸ ಸಿಕ್ಕಿ, ಮತ್ತಿಗಿರಿಯಲ್ಲಿ ಬಾಡಿಗೆ ಮನೆ ಹಿಡಿದ ಮೇಲೆ ನನ್ನ ಬಣ್ಣ ಬಯಲಾಯಿತು. ಒಂದೇ ಥರದ ಗೇಟು, ಒಂದೇ ಥರದ ತುಳಸಿಕಟ್ಟೆ ಇರುವ ಮನೆಗಳ ಸಾಲು ಅದು. ಒಂದು ಸಂಜೆ ಶಿಫ್ಟು ಮುಗಿಸಿ ಬಂದವನು ಬೇರೆಯವರ ವರಾಂಡದಲ್ಲಿ ಕೂತು ಶೂ ಬಿಚ್ಚುತ್ತಿದ್ದೆ. ಆ ಮನೆಯಾಕೆ ನನ್ನನ್ನು ವಿಮೆಯ ಏಜೆಂಟನೆಂದು ತಿಳಿದು, ಯಜಮಾನರು ಊರಲ್ಲಿಲ್ಲ ಎಂದು ತಮಿಳಿನಲ್ಲಿ ಹೇಳಿದರು. ನಮ್ಮ ಮನೆ ಎಲ್ಲಿ ಎಂದು ಅವರನ್ನು ಕೇಳಿದ್ದರೆ ಆಗುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಮುಂದಿನ ವಾರ ಬರುತ್ತೇನೆ ಎಂದು ಹೇಳಿ ಶೂ ಹಾಕಿಕೊಂಡು ಹೊರಟೆ.

ಇಂಥವನ ಕೈಗೆ ಒಂದು ಹಳೆಯ ನಕ್ಷೆ ಸಿಕ್ಕರೆ ಏನಾಗಬಹುದು ಎನ್ನುವುದನ್ನು ಹೇಳಬೇಕಾಗಿದೆ. ಅದು ಸಿಕ್ಕಿದ್ದು ಹೊಸೂರಿನ ಹಳೆಪೇಪರ್ ಅಂಗಡಿಯಲ್ಲಿ. ಮನೆಯಲ್ಲಿ ಮಂಚದ ಕೆಳಗೆ ಬೆಳೆದಿದ್ದ ಪತ್ರಿಕೆಗಳ ರಾಶಿಯನ್ನು ಮಾರಿ ಬನ್ನಿ ಎಂದು ನನ್ನ ಹೆಂಡತಿ ರತ್ನ ಕಳಿಸಿದ್ದಳು. ಅಂಗಡಿಯವನು ತೂಕ ಹಾಕುತ್ತಿರುವಾಗ ನನ್ನ ಕಣ್ಣು ಮೂಲೆಯಲ್ಲಿದ್ದ ಒಂದು ಬಟ್ಟೆಯ ಮಡಿಕೆಯ ಮೇಲೆ ಬಿತ್ತು. ಬಿಡಿಸಿದರೆ ನಕ್ಷೆ. ಸ್ವಾತಂತ್ರ್ಯಕ್ಕೆ ಮುಂಚೆ ಅಳೆದು ಬರೆದದ್ದು. ಅಂಗುಲಕ್ಕೊಂದು ಮೈಲಿಯ ಲೆಕ್ಕ. ಕಾಗದದ ಬೆನ್ನಿಗೆ ಬಟ್ಟೆ ಅಂಟಿಸಿ, ಮಡಿಸಲು ಅನುಕೂಲವಾಗುವಂತೆ ಕತ್ತರಿಸಿದ್ದರು. ಇಡೀ ನಕ್ಷೆಗೆ ಡಿಕಾಕ್ಷನ್ನಿನ ಬಣ್ಣ ಬಂದಿತ್ತು. ಅಂಚೆಟ್ಟಿಯ ಆಚೆ, ನಾಟ್ರಾಂಪಾಳ್ಯವನ್ನೂ ದಾಟಿ, ಕಾವೇರಿ ಬೆಟ್ಟಗಳ ಸಂದಿಯಲ್ಲಿ ನುಸುಳಿಕೊಂಡು ಹೋಗುತ್ತದಲ್ಲ, ಆ ಕಾಡಿನ ಚಿತ್ರ ಅದು. ನದಿ ನೀಲಿ, ಹಳ್ಳಗಳು ಅದಕ್ಕೆ ಬಂದು ಸೇರುವ ನೀಲಿ ನರಗಳು, ಬೆಟ್ಟಗಳೆಲ್ಲ ಸುತ್ತು ಸುತ್ತಾದ ಕಂದು ಗೆರೆಗಳು. ಯಾರೋ ರಾಕ್ಷಸರು ಸಾಲಾಗಿ ಬಂದು ಹೆಬ್ಬೆಟ್ಟು ಒತ್ತಿ ಹೋದಂತೆ ಕಾಣಿಸುತ್ತಿತ್ತು. ಪತ್ರಿಕೆಗಳಿಗೆ ಸಿಗಬೇಕಾದ್ದನ್ನೆಲ್ಲ ನೀನೇ ಇಟ್ಟುಕೋ, ಇದನ್ನು ಕೊಡು ಎಂದೆ. ಅವನು ನನ್ನ ಮುಖವನ್ನೂ ನಕ್ಷೆಯನ್ನೂ ನೋಡಿ, ಮೇಲೆ ಒಂದು ಹಳೇ ಕ್ಯಾಲೆಂಡರನ್ನೂ ಕೊಟ್ಟ. ಮನೆಗೆ ಬಂದಾಗ ರತ್ನ, ಕಾಗದ ಹೊರಗೆ ಹಾಕಲು ಕಳಿಸಿದರೆ ಕಾಗದ ಒಳಗೆ ತರುವ ಗಂಡಸನ್ನು ತಾನು ಇದೇ ಮೊದಲು ನೋಡುತ್ತಿರುವುದಾಗಿ ಹೇಳಿದಳು.

ಆ ನಕ್ಷೆಯನ್ನು ನಡುಮನೆಯ ಗೋಡೆಗೆ ಹಾಕಿದೆ. ಗೋಡೆಯಲ್ಲಿ ಒಂದು ಕಡೆ ಸುಣ್ಣ ಉಬ್ಬಿ ಉದುರುತ್ತಿತ್ತು, ಅದೂ ಮುಚ್ಚಿಹೋಯಿತು. ಭಾನುವಾರಗಳಲ್ಲಿ ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂರುತ್ತಿದ್ದೆ. ಕಂದು ಗೆರೆಗಳು ಹತ್ತಿರ ಹತ್ತಿರ ಇದ್ದರೆ ಏರು ಕಡಿದು, ದೂರ ದೂರ ಇದ್ದರೆ ಇಳಿಜಾರು ಸುಲಭ ಎಂದು ಎಲ್ಲೋ ಓದಿ ತಿಳಿದುಕೊಂಡೆ. ಅಷ್ಟು ಗೊತ್ತಾದ ಮೇಲೆ ನನ್ನನ್ನು ಹಿಡಿಯುವವರಿಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ, “ನೋಡು ರತ್ನ, ಈ ಬೆಟ್ಟದ ನೆತ್ತಿಯಿಂದ ನೀರು ಬಿದ್ದರೆ ಅರ್ಧ ಈ ಹಳ್ಳಕ್ಕೆ, ಅರ್ಧ ಆ ಹಳ್ಳಕ್ಕೆ” ಎಂದು ವಿವರಿಸುತ್ತಿದ್ದೆ. ಮನೆಗೆ ಬಂದವರದು ಬೇರೆ ಕಷ್ಟ. ಗೋಡೆಯ ಮೇಲೆ ನಕ್ಷೆ ಕಂಡರೆ ಮನುಷ್ಯ ಮೊದಲು ಹುಡುಕುವುದು ತನ್ನ ಊರನ್ನು. ನನ್ನ ನಕ್ಷೆಯಲ್ಲಿ ಯಾರ ಊರೂ ಇರಲಿಲ್ಲ. ಅದು ಒಂದಿಷ್ಟು ಕಾಡುಹಳ್ಳಿಗಳನ್ನು ಬಿಟ್ಟರೆ ಊರುಗಳೇ ಇಲ್ಲದ ಕಡೆಯ ನಕ್ಷೆ. ನಮ್ಮ ಮನೆಯ ಮಾಲೀಕರು ಬಾಡಿಗೆಗೆಂದು ಬಂದವರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ಹುಡುಕಿ, “ಮತ್ತಿಗಿರಿ ಎಂಗೆ ಸಾರ್?” ಎಂದು ತಮಿಳಿನಲ್ಲಿ, ಅದು ಎಲ್ಲಿದೆಯೆಂದು ಕೇಳಿದರು. ಈ ಹಾಳೆಯಲ್ಲಿ ಬರುವುದಿಲ್ಲ, ಲೆಕ್ಕ ಹಾಕಿದರೆ ಮೇಲೆ ಸ್ವಿಚ್‌ಬೋರ್ಡಿನ ಹತ್ತಿರ ಬರುತ್ತದೆ ಎಂದು ತೋರಿಸಿದೆ. ಅವರಿಗೆ ಬೇಸರವಾಯಿತು. ಮತ್ತಿಗಿರಿಯೇ ಇಲ್ಲದ ಮ್ಯಾಪು ಎಂಥ ಮ್ಯಾಪು ಎಂದುಕೊಂಡು ಹೋದರು. ಅವರ ಗೋಡೆಗೆ ಮೊಳೆ ಹೊಡೆದ ಬಗ್ಗೆ ಆಕ್ಷೇಪಿಸುವುದನ್ನೂ ಆ ಬೇಸರದಲ್ಲಿ ಮರೆತರು.

ಹೀಗಿರುವಾಗ ಕೆಲಮಂಗಲದಿಂದ ನಮ್ಮ ಅತ್ತೆ ಪುಟ್ಟಮ್ಮ ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗಲು ಬಂದರು. ಅತ್ತೆ, ಮಾವ ಇಬ್ಬರೂ ಆ ಕಡೆಯ ಹಳಬರು. ಕೆಲಮಂಗಲದಲ್ಲಿ ಸ್ವಂತ ಮನೆ, ಸ್ವಲ್ಪ ಹೊಲ, ಅದರಲ್ಲಿ ಟೊಮೇಟೊ. ಅತ್ತೆ ಬಾಗಿಲು ದಾಟಿ ಬಂದವರೇ ಗೋಡೆಯ ಕಡೆ ನೋಡಿ, “ಇದ್ಯಾರಿಗವ್ವ ಈಪಾಟಿ ಗಜಕರ್ಣ ಆಗಿರದು?” ಎಂದು ಮಗಳನ್ನು ಕೇಳಿದರು. ರತ್ನ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನು ಅತ್ತೆಗೆ ಇದು ಕಾಡು, ಇದು ನದಿ ಎಂದು ತಿಳಿಸಿ ಹೇಳಿದೆ. ಅವರು ಸೌಜನ್ಯಕ್ಕೆ ಕೇಳಿಸಿಕೊಂಡರು. ಅಳಿಯ ಏನು ಹೇಳಿದರೂ ಅರ್ಧ ತಲೆ ಆಡಿಸಿ ಕೇಳುವುದು ಅವರ ರೀತಿ. ಆಮೇಲೆ ಅವರೇ ಮೆಲ್ಲಗೆ, ಈ ಕಾಡಿನಲ್ಲಿ ಬಸವನಮಡು ಅಂತ ಒಂದು ಊರು ಇದೆಯೇ ನೋಡಿ ಎಂದರು.

ಈ ಬಸವನಮಡುವಿನ ಕಥೆ ನನಗೆ ಮದುವೆಯಾದ ಹೊಸದರಲ್ಲೇ ಗೊತ್ತಾಗಿತ್ತು. ಅತ್ತೆ ಹುಟ್ಟಿದ್ದು ಅಲ್ಲಿ ಎಂದು ಅತ್ತೆ ಒಬ್ಬರೇ ಹೇಳುತ್ತಿದ್ದರು. ಅವರು ತೀರ ಚಿಕ್ಕವರಿದ್ದಾಗ ತಾಯಿ ಜ್ವರದಲ್ಲಿ ತೀರಿಕೊಂಡಳಂತೆ. ಮುಂದೆ ಊರಿನ ನಾಲ್ಕು ಮನೆಯವರೂ ಕಾಡು ಬಿಟ್ಟು ದಿಕ್ಕಿಗೊಬ್ಬರಾದರಂತೆ. ಕೆಲಮಂಗಲದಲ್ಲಿದ್ದ ಸೋದರತ್ತೆ ಮಗುವನ್ನು ತಂದು ಸಾಕಿ, ಅಲ್ಲೇ ಮದುವೆಯನ್ನೂ ಮಾಡಿದರು. ಅತ್ತೆಗೆ ಉಳಿದಿದ್ದ ನೆನಪು ಇಷ್ಟೇ: ಒಂದು ಹಳ್ಳ, ಹಳ್ಳದಲ್ಲೊಂದು ಆಳವಾದ ಮಡು, ಮಡುವಿನ ದಡದಲ್ಲಿ ಬಸವ ಮಲಗಿದಂತಿರುವ ಒಂದು ಬಂಡೆ. ಸೋದರತ್ತೆ ಹೋದ ಮೇಲೆ ಆ ಊರಿನ ಹೆಸರು ಕೇಳಿದ್ದ ಇನ್ನೊಂದು ಜೀವ ಕೆಲಮಂಗಲದಲ್ಲಿರಲಿಲ್ಲ. ಗೌರಿ ಹಬ್ಬಕ್ಕೆ ಬೀದಿಯ ಹೆಣ್ಣುಮಕ್ಕಳಿಗೆಲ್ಲ ತವರಿನಿಂದ ಬಾಗಿನ ಬರುತ್ತಿದ್ದರೆ ಅತ್ತೆ ಆ ದಿನ ಹಿತ್ತಲಲ್ಲಿ ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದರಂತೆ. ಅದಕ್ಕಿಂತ ದೊಡ್ಡ ಅನನುಕೂಲ ಜಗಳದ ಹೊತ್ತಿನದು. ಗಂಡನ ಮೇಲೆ ಸಿಟ್ಟು ಬಂದಾಗ ಬೇರೆ ಹೆಂಗಸರು ತವರಿಗೆ ಹೋಗುತ್ತೇನೆ ಎಂದು ಗಂಟು ಕಟ್ಟಬಹುದು. ಅತ್ತೆಯೂ ಒಂದೆರಡು ಸಲ ಹಾಗೆ ಹೆದರಿಸಿ ನೋಡಿದ್ದರು. ನಮ್ಮ ಮಾವ ಮುನಿಯಪ್ಪನವರು ಬೀಡಿ ಹಚ್ಚಿಕೊಂಡು, “ಹೋಗ್ ಬಾ ಕಣೆ. ಎಲ್ಲೈತೆ ಅಂತ ಗೊತ್ತಾದ್ರೆ ನಂಗೂ ಯೋಳ್ಕಳ್ಸು” ಎನ್ನುತ್ತಿದ್ದರು. ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಯಾವಾಗಲೂ ಮಾವನ ಕಡೆಗೇ ಮುಗಿಯುತ್ತಿತ್ತು.

ಅಂಥ ಊರು ನನ್ನ ನಕ್ಷೆಯಲ್ಲಿಲ್ಲ ಎಂದು ನಾನು ಖಂಡಿತವಾಗಿ ಹೇಳಿದೆ. ತಿಂಗಳುಗಟ್ಟಲೆ ನೋಡಿದ್ದೇನೆ, ಒಂದೊಂದು ಅಕ್ಷರವೂ ಗೊತ್ತು ಎಂದೆ. ರತ್ನ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, ಹಳ್ಳದ ಉದ್ದಕ್ಕೂ ಬೆರಳಾಡಿಸಿ, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದತೊಡಗಿದಳು. ಅಳತೆ ಮಾಡಿದ ದೊರೆಗಳ ಕಿವಿ ಬಲು ವಿಚಿತ್ರ. ದೊಡ್ಡಹಳ್ಳವನ್ನು ಅವರು “ಡೋಡ್ ಹುಲ್ಲಾ” ಮಾಡಿದ್ದರು. ಅದರಿಂದ ಸ್ವಲ್ಪ ಕೆಳಗೆ ಇರುವೆಯ ಗಾತ್ರದ ಅಕ್ಷರಗಳಲ್ಲಿ “ಬುಸ್ವುನ್ ಮುಡ್ಡೂ” ಎಂದಿತ್ತು. ಅದನ್ನು ನಾನು ಎಷ್ಟೋ ಸಲ ಓದಿದ್ದೆ. ಅಲ್ಲಿ ಹುಲಿಗೆ ಸಿಕ್ಕಿಯೋ ಜ್ವರ ಬಂದೋ ಸತ್ತ ಯಾವನೋ ಇಂಗ್ಲಿಷಿನವನ ಹೆಸರೆಂದು ತಿಳಿದು, ಅವನ ಬಗ್ಗೆ ಸಂತಾಪವನ್ನೂ ಪಟ್ಟಿದ್ದೆ. ರತ್ನ ಎರಡು ಸಲ ಜೋರಾಗಿ ಓದಿದಳು. ಮೂರನೆಯ ಸಲಕ್ಕೆ ಅದು ಬಸವನಮಡು ಆಯಿತು.

ಅತ್ತೆ ಹತ್ತಿರ ಬಂದು, ಮಗಳು ತೋರಿಸಿದ ಜಾಗದ ಮೇಲೆ ಬೆರಳಿಟ್ಟು, ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. ನನಗಂತೂ ನಾನೇ ಆ ನಕ್ಷೆಯನ್ನು ಬರೆದಷ್ಟು ಹೆಮ್ಮೆಯಾಯಿತು. ಇಷ್ಟು ಹೊತ್ತು ಇಲ್ಲವೆಂದು ವಾದಿಸಿದವನು ನಾನೇ ಎನ್ನುವುದನ್ನು ಮರೆತು, “ನಾನು ಹೇಳಲಿಲ್ಲವೇ, ಇದರಲ್ಲಿ ಎಲ್ಲ ಇದೆ” ಎಂದುಬಿಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಅದೇ ಉತ್ಸಾಹದಲ್ಲಿ, ನಿಮ್ಮನ್ನು ಬಸವನಮಡುವಿಗೆ ಕರೆದುಕೊಂಡು ಹೋಗುತ್ತೇನೆ ಎಂದೂ ಮಾತು ಕೊಟ್ಟೆ.

ಆಗ ಆಷಾಢ ನಡೆಯುತ್ತಿತ್ತು. ಆಷಾಢಕ್ಕೆ ತವರಿಗೆ ಹೋಗುವುದು ಹೊಸ ಮದುವಣಗಿತ್ತಿಯರ ಪದ್ಧತಿ. ನಮ್ಮ ಅತ್ತೆ ತಲೆ ನೆರೆತ ಮೇಲೆ ಮೊದಲ ಆಷಾಢಕ್ಕೆ ಹೊರಟರು. ಮಾವನಿಗೆ ಸುದ್ದಿ ಕಳಿಸಿದರೆ, ತಾವೂ ಬರುವುದಾಗಿ ಹಟ ಹಿಡಿದರು. ಇಷ್ಟು ವರ್ಷ ತಮ್ಮನ್ನು ಹೆದರಿಸಿದ ಊರನ್ನು ಒಂದು ಸಲ ಕಣ್ಣಲ್ಲಿ ನೋಡಬೇಕೆಂದು ಅವರ ಆಸೆಯಂತೆ. ರತ್ನ ಬೆಳಗಿನ ಜಾವ ಎದ್ದು ಚಿತ್ರಾನ್ನ ಕಲಸಿದಳು. ಅತ್ತೆ ಮಗಳ ಮದುವೆಯ ಕಾಲದ ರೇಷ್ಮೆ ಸೀರೆ ಉಟ್ಟಿದ್ದರು. ಕಾಡಿನಲ್ಲಿ ಮುಳ್ಳಿಗೆ ಸಿಕ್ಕಿ ಹರಿಯುತ್ತದೆ ಎಂದು ಯಾರೂ ಅವರಿಗೆ ಹೇಳಲಿಲ್ಲ. ನಾನು ನಕ್ಷೆಯನ್ನು ಮಡಿಸಿ ಎದೆಗೆ ಅವಚಿಕೊಂಡು ಮುಂದೆ ನಡೆದೆ. ನಕ್ಷೆ ತೆಗೆದ ಗೋಡೆ ನಮ್ಮ ಹಿಂದೆ ಸುಣ್ಣ ಉದುರಿಸಿಕೊಂಡು ನಿಂತಿತ್ತು.

ಡೆಂಕಣಿಕೋಟೆ, ಅಂಚೆಟ್ಟಿ, ಅಲ್ಲಿಂದ ನಾಟ್ರಾಂಪಾಳ್ಯ. ಅಂಚೆಟ್ಟಿ ದಾಟಿದ ಮೇಲೆ ಮೊಬೈಲಿನಲ್ಲಿ ಸಿಗ್ನಲ್ ಹೋಯಿತು. ನನಗೆ ಮಾತ್ರ ದಾರಿ ಕೈಯಲ್ಲಿದ್ದ ಧೈರ್ಯ. ಬಸ್ಸು ತಿರುವು ತೆಗೆದುಕೊಂಡಾಗಲೆಲ್ಲ ನಕ್ಷೆಯನ್ನೂ ತಿರುಗಿಸುತ್ತಿದ್ದೆ. ಪಕ್ಕದವರ ಕನ್ನಡಕಕ್ಕೆ ಅದರ ಮೂಲೆ ತಗಲಿ ಅವರು ಎದ್ದು ಬೇರೆ ಸೀಟಿಗೆ ಹೋದರು. ನಾಟ್ರಾಂಪಾಳ್ಯದ ಟೀ ಅಂಗಡಿಯಲ್ಲಿ ಇಳಿದಾಗ ರತ್ನ, ಇಲ್ಲಿ ಯಾರನ್ನಾದರೂ ಬಸವನಮಡು ಎಲ್ಲಿ ಎಂದು ಕೇಳೋಣ ಎಂದಳು. ಅಂಗುಲಕ್ಕೊಂದು ಮೈಲಿ ನಕ್ಷೆ ಕೈಯಲ್ಲಿಟ್ಟುಕೊಂಡು ಟೀ ಅಂಗಡಿಯಲ್ಲಿ ದಾರಿ ಕೇಳುವುದೆಂದರೆ ನನಗೆ ಹೇಗಾಗಿರಬೇಡ. ಬೇಡವೆಂದೆ. ಅಂಗಡಿಯವರು ತಾವಾಗಿಯೇ, ಆನೆ ಓಡಾಡುವ ಕಡೆ, ಹಾದಿ ಬಿಟ್ಟು ಹೋಗಬೇಡಿ, ಹೊತ್ತಿರುವಾಗಲೇ ವಾಪಸ್ ಬನ್ನಿ ಎಂದು ಎಚ್ಚರಿಸಿದರು. ಮಾವ ಅವರ ಹತ್ತಿರ ಒಂದು ಕಟ್ಟು ಬೀಡಿ ಕೊಂಡು, ಆನೆಗೆ ಬೀಡಿಯ ವಾಸನೆ ಆಗುವುದಿಲ್ಲ ಎಂದು ನಮಗೆ ಧೈರ್ಯ ಹೇಳಿದರು.

ಗಾಡಿದಾರಿಯೊಂದು ಕಾಡಿನೊಳಕ್ಕೆ ಇಳಿಯುತ್ತಿತ್ತು. ನಕ್ಷೆಯಲ್ಲಿ ಅದಕ್ಕೆ ಚುಕ್ಕಿಗೆರೆ ಇತ್ತು. ಚುಕ್ಕಿಗೆರೆಗೂ ಕಣ್ಣೆದುರಿನ ಹಾದಿಗೂ ಮೊದಲ ತಿರುವಿನವರೆಗೆ ಒಳ್ಳೆಯ ಹೊಂದಾಣಿಕೆ ಇತ್ತು. ಆಮೇಲೆ ಎರಡೂ ತಮ್ಮ ತಮ್ಮ ಪಾಡಿಗೆ ಹೋದವು. ನಾನು ನಕ್ಷೆಯ ಕಡೆಯವನಾಗಿ ಉಳಿದೆ. ಜಾಲಿಮುಳ್ಳು ನನ್ನ ಅಂಗಿಯ ತೋಳನ್ನು ಉದ್ದಕ್ಕೆ ಸೀಳಿತು. ಅತ್ತೆ ಮಾತ್ರ ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಸಲೀಸಾಗಿ ನಡೆಯುತ್ತಿದ್ದರು. ಕೊನೆಗೆ ನೀರಿನ ಸದ್ದು ಕೇಳಿಸಿತು. ಮರಗಳ ಆಚೆ ಹಳ್ಳ. ಆ ದಡದ ಮೇಲೆ ಹುಣಸೆಮರಗಳ ಕೆಳಗೆ ನಾಲ್ಕೈದು ಹೆಂಚಿನ ಮನೆಗಳು, ಒಂದು ಮೇಕೆದೊಡ್ಡಿ. ನಕ್ಷೆಯನ್ನು ಬಂಡೆಯೊಂದರ ಮೇಲೆ ಹಾಸಿದೆ. ಗಾಳಿಗೆ ಹಾರದಂತೆ ಒಂದು ತುದಿಯನ್ನು ಮಾವ ಹಿಡಿದರು, ಇನ್ನೊಂದು ತುದಿಯನ್ನು ಚಿತ್ರಾನ್ನದ ಡಬ್ಬಿ ಹಿಡಿಯಿತು. ಹೆಸರಿನ ಪಕ್ಕದಲ್ಲೇ ಮನೆಗಳ ಗುರುತಿನ ಪುಟ್ಟ ಚೌಕಗಳಿದ್ದವು. ಹಳ್ಳದ ತಿರುವು, ಹಿಂದಿನ ಗುಡ್ಡ, ಎಲ್ಲ ಸರಿಹೊಂದುತ್ತಿತ್ತು. ಇದೇ ಬಸವನಮಡು ಎಂದು ಘೋಷಿಸಿದೆ.

ಹಳ್ಳದ ನೀರು ಅಲ್ಲಿ ಪಾದ ಮುಳುಗುವಷ್ಟಿತ್ತು. ಮಡು ಎಲ್ಲಿ ಎಂದು ಮಾವ ಕೇಳಿದರು. ಇಷ್ಟು ವರ್ಷಗಳಲ್ಲಿ ಮರಳು ತುಂಬಿರುತ್ತದೆ ಎಂದೆ. ಬಸವನಂಥ ಬಂಡೆ ಎಲ್ಲಿ ಎಂದರು. ಯಾವುದೋ ದೊಡ್ಡ ಪ್ರವಾಹಕ್ಕೆ ಕೊಚ್ಚಿಹೋಗಿರಬೇಕು ಎಂದೆ. ಹೋರಿಗಿಂತ ದೊಡ್ಡ ಬಂಡೆ ಕೊಚ್ಚಿಹೋಗುವಷ್ಟು ನೀರು ಬಂದ ಮೇಲೂ ಈ ಹುಣಸೆಮರಗಳು ಹೇಗೆ ಉಳಿದವು ಎಂದು ಅವರು ಕೇಳಲಿಲ್ಲ; ಬೀಡಿ ಹಚ್ಚಿಕೊಂಡರು. ಅಷ್ಟರಲ್ಲಿ ಮೇಕೆಗಳಿಗೆ ಸೊಪ್ಪು ಹಾಕುತ್ತಿದ್ದ ಹೆಂಗಸೊಬ್ಬಳು ನಮ್ಮ ಕಡೆ ಬಂದಳು. ಹೆಸರು ಮಾದಮ್ಮ. ಅತ್ತೆಗಿಂತ ಸ್ವಲ್ಪ ಚಿಕ್ಕವಳು. ಈ ಊರು ಬಸವನಮಡು ಅಲ್ಲವೇ ಎಂದು ನಾನು ಕೇಳಿದೆ. ಅದನ್ನು ದಾರಿ ಕೇಳಿದ ಲೆಕ್ಕಕ್ಕೆ ಸೇರಿಸಬಾರದು. ಅಲ್ಲ, ಇದು ಈಚಲದೊಡ್ಡಿ, ತಾನು ಮದುವೆಯಾಗಿ ಬಂದಾಗಿನಿಂದಲೂ ಈಚಲದೊಡ್ಡಿಯೇ ಎಂದಳು. ಹಿಂದೆ ಇದಕ್ಕೆ ಬಸವನಮಡು ಎಂದು ಹೆಸರಿತ್ತು, ನಿಮಗೆ ಗೊತ್ತಿಲ್ಲ ಅಷ್ಟೆ ಎಂದು ನಾನು ನಕ್ಷೆ ತೋರಿಸಿ ಅವಳ ಊರಿನ ಹೆಸರನ್ನು ಅವಳಿಗೇ ಪಾಠ ಹೇಳಿದೆ. ಅವಳು ಗಜಕರ್ಣದ ಗೆರೆಗಳನ್ನೂ ನನ್ನ ಹರಿದ ತೋಳನ್ನೂ ನೋಡಿ, ಇರಬಹುದು ಎಂದಳು.

ಆಮೇಲೆ ಅತ್ತೆಯ ಕಡೆ ತಿರುಗಿ ನಾನು, “ಅತ್ತೆ, ಇದೇ ತಾನೆ?” ಎಂದೆ. ಅತ್ತೆ ಹಳ್ಳವನ್ನು ನೋಡಿದರು. ಹಿಂದಿನ ಗುಡ್ಡವನ್ನು ನೋಡಿದರು. ಹುಣಸೆಮರಗಳನ್ನು ನೋಡಿ, ಕೊನೆಗೆ ನನ್ನ ಮುಖವನ್ನೂ ಒಂದಿಷ್ಟು ಹೊತ್ತು ನೋಡಿದರು.

“ಹೂಂ ಅಳಿಯಂದ್ರೆ, ಇದೇಯ” ಎಂದರು.

ಮಾವ ಬೀಡಿ ಕೆಳಗೆ ಹಾಕಿ ಕಾಲಲ್ಲಿ ಹೊಸಕಿದರು. ರತ್ನಳ ಕಣ್ಣು ತುಂಬಿಬಂದಿತ್ತು. ಮಾದಮ್ಮ ಅತ್ತೆಯ ಕೈ ಹಿಡಿದು, ಹುಟ್ಟಿದ್ದು ಇಲ್ಲಿಯೇ ಎಂದು ಕೇಳಿ ತಿಳಿದುಕೊಂಡು, ಸೀದ ತನ್ನ ಮನೆಗೆ ಕರೆದುಕೊಂಡು ಹೋದಳು. ನಮಗೆಲ್ಲ ಮಜ್ಜಿಗೆ ಬಂತು. ನಮ್ಮ ಚಿತ್ರಾನ್ನಕ್ಕೆ ಅವರ ಮನೆಯ ಹುರುಳಿಕಾಳಿನ ಸಾರು, ಮುದ್ದೆ ಜೊತೆಯಾದವು. ಅತ್ತೆ ಆ ಮನೆಯ ಹೊಸ್ತಿಲ ಮೇಲೆ ಕೂತು, ಎಲ್ಲಿಂದಲೋ ಕೂಡಿಬಂದ ಇನ್ನಿಬ್ಬರು ಹೆಂಗಸರ ಜೊತೆ ಹಳೆಯ ಗುರುತಿನವರ ಥರ ಮಾತಿಗೆ ಕೂತರು. ಮೇಕೆ, ಬಾಣಂತನ, ರಾಗಿಗೆ ಹಂದಿ ಕಾಟ. ಕೆಲಮಂಗಲದಲ್ಲಿ ಅಷ್ಟು ಜೋರಾಗಿ ಅವರು ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಹೊರಡುವ ಹೊತ್ತಿಗೆ ಮಾದಮ್ಮ ಒಳಗಿನಿಂದ ಮೊರ ಹಿಡಿದುಕೊಂಡು ಬಂದಳು. ಅರಿಶಿನ, ಕುಂಕುಮ, ಒಂದು ತೆಂಗಿನಕಾಯಿ, ಅಕ್ಕಿ. ಅತ್ತೆ ಬೇಡವೆಂದು ಹಿಂದೆ ಸರಿದರು.

“ತವರಿಗೆ ಬಂದೋಳು ಬರಿ ಮಡ್ಲಲ್ಲಿ ಹೋಗಬಾರ್ದು ಕಣಕ್ಕ” ಎಂದಳು ಮಾದಮ್ಮ. “ಊರಿನ ಹೆಸರು ಏನಾನ ಇರ್ಲಿ, ಸೆರಗು ಹಿಡಿ.”

ಅತ್ತೆ ಸೆರಗು ಒಡ್ಡಿದರು. ಮಡಿಲು ತುಂಬುವುದನ್ನು ನಾನು ನೂರು ಮದುವೆಗಳಲ್ಲಿ ನೋಡಿದ್ದೇನೆ, ಊಟಕ್ಕೆ ತಡವಾಗುತ್ತದೆಂದು ಗೊಣಗಿದ್ದೇನೆ. ಆ ದಿನ ಮಾತ್ರ ಕಂಬಕ್ಕೆ ಒರಗಿ ಸುಮ್ಮನೆ ನೋಡುತ್ತ ನಿಂತೆ. ಮಾವ ಹಳ್ಳದ ಕಡೆ ಮುಖ ಮಾಡಿ ನಿಂತಿದ್ದರು. ಬೀಡಿ ಬಾಯಲ್ಲಿತ್ತು, ಹಚ್ಚಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ ಮಗಳ ಭುಜಕ್ಕೆ ಒರಗಿ ಏನೋ ಮೆಲ್ಲಗೆ ಹೇಳುತ್ತಿದ್ದರು. ಸಂತೋಷದ ಮಾತಿರಬೇಕೆಂದು ನಾನು ಕಿಟಕಿಯ ಕಡೆ ತಿರುಗಿ ಕೂತೆ. ನನ್ನ ಮನಸ್ಸಿನ ತುಂಬ ಅಭಿನಂದನೆಗಳೇ ತುಂಬಿದ್ದವು, ಎಲ್ಲವೂ ನನಗೇ ಸಲ್ಲಬೇಕಾದವು.

ಅಲ್ಲಿಂದ ಮುಂದೆ ಕೆಲಮಂಗಲದ ಮನೆಯ ಹವೆಯೇ ಬದಲಾಯಿತು. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮಾವ ತಟ್ಟೆ ಸರಿಸಿದರಂತೆ. ಅತ್ತೆ ಕೈ ತೊಳೆದುಕೊಂಡು, ಅಂಚೆಟ್ಟಿಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರಂತೆ. ಮಾವ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಉಪ್ಪು ಅಷ್ಟೇನೂ ಇಲ್ಲ ಎಂದರಂತೆ. ಮುಂದಿನ ಸಲ ನಮ್ಮ ಮನೆಗೆ ಬಂದಾಗ ಅವರು ನಕ್ಷೆಯ ಮುಂದೆ ನಿಂತು, ಇದನ್ನು ಇಲ್ಲಿ ಹಾಕಿರುವುದಕ್ಕಿಂತ ಎಲ್ಲಾದರೂ ಜೋಪಾನವಾಗಿ ಒಳಗಿಟ್ಟರೆ ಒಳ್ಳೆಯದಲ್ಲವೇ ಎಂದು ನನಗೆ ಸಲಹೆ ಕೊಟ್ಟರು. ಗೌರಿ ಹಬ್ಬದ ಹಿಂದಿನ ದಿನ ಕೆಲಮಂಗಲದ ಸಂತೆಗೆ ಮೇಕೆ ಹೊಡೆದುಕೊಂಡು ಬಂದಿದ್ದ ಮಾದಮ್ಮನ ಗಂಡ, ವಿಚಾರಿಸಿಕೊಂಡು ಅತ್ತೆಯ ಮನೆಗೆ ಬಂದನಂತೆ. ಅವನು ದಾರಿ ಕೇಳಲು ನಾಚುವವನಲ್ಲ. ಒಂದು ಚೀಲ ಹುಣಸೆಹಣ್ಣು, ಸೀಸೆಯಲ್ಲಿ ಜೇನು, ಒಂದು ಹಸಿರು ರವಿಕೆ ಕಣ. ನಮ್ಮನೆಯೋಳು ಕೊಟ್ಟವಳೆ ಎಂದು ಜಗಲಿಯ ಮೇಲಿಟ್ಟು ಹೋದ. ಅತ್ತೆ ಆ ಹಬ್ಬದಲ್ಲಿ ಹಿತ್ತಲಿಗೆ ಹೋಗಲಿಲ್ಲ. ಬೀದಿಯ ಪ್ರತಿ ಮನೆಗೂ ಒಂದೊಂದು ಹಿಡಿ ಹುಣಸೆಹಣ್ಣು ಹಂಚಿ, ನಮ್ಮ ತವರಿನದು ಎಂದು ಹೇಳಿಬಂದರು. ಹುಳಿ ಸ್ವಲ್ಪ ಜಾಸ್ತಿ ಎಂದ ಒಬ್ಬಾಕೆಯ ಜೊತೆ ಆಮೇಲೆ ತುಂಬ ದಿನ ಮಾತು ಬಿಟ್ಟಿದ್ದರಂತೆ.

ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ಮಧ್ಯಾಹ್ನ ಇದು ನಡೆಯಿತು. ಅತ್ತೆ, ಮಾವ ಇಬ್ಬರೂ ನಮ್ಮಲ್ಲಿಗೆ ಬಂದಿದ್ದರು. ಕಾರ್ಖಾನೆಯ ಗೆಳೆಯರೊಬ್ಬರು ಕೊಟ್ಟಿದ್ದ ಭೂತಗನ್ನಡಿ ಹಿಡಿದುಕೊಂಡು ನಾನು ನಕ್ಷೆಯಲ್ಲಿ ನನ್ನ ವಿಜಯದ ಜಾಗವನ್ನು ಇನ್ನೊಮ್ಮೆ ನೋಡಿ ಸಂತೋಷಪಡುತ್ತಿದ್ದೆ. ಸುಮ್ಮನೆ ಪಕ್ಕದ ಹಳ್ಳಿಗಳನ್ನೂ ನೋಡಿದೆ. ಮೊದಲು ಮನೆಗಳ ಚೌಕ, ಅದರ ಬಲಕ್ಕೆ ಹೆಸರು. ಇನ್ನೊಂದು ಹಳ್ಳಿ, ಅಲ್ಲೂ ಮೊದಲು ಚೌಕ, ಬಲಕ್ಕೆ ಹೆಸರು. ಇಡೀ ಹಾಳೆಯಲ್ಲಿ ಹಾಗೆಯೇ. ನಾನು ಬಸವನಮಡುವಿಗೆ ಬಂದೆ. ಅಲ್ಲಿ ಹೆಸರಿನ ಬಲಕ್ಕೂ ಚೌಕಗಳಿದ್ದವು, ಎಡಕ್ಕೂ ಇದ್ದವು. ಬಲಗಡೆಯವನ್ನು ನಾನು ಆ ಹೆಸರಿನ ಊರೆಂದು ಹಿಡಿದಿದ್ದೆ. ಕ್ರಮದ ಪ್ರಕಾರ ಹೆಸರು ಎಡಗಡೆಯ ಚೌಕಗಳಿಗೆ ಸೇರಬೇಕು. ಅವು ಹಳ್ಳದ ಇನ್ನೊಂದು ದಡದಲ್ಲಿ, ಒಂದು ಗುಡ್ಡದ ಆಚೆ ಇದ್ದವು. ಅಲ್ಲಿ ಹಳ್ಳದ ನೀಲಿ ಗೆರೆ ಸ್ವಲ್ಪ ದಪ್ಪಗಾಗಿ, ಹಾವು ಕಪ್ಪೆ ನುಂಗಿದಂತೆ ಉಬ್ಬಿತ್ತು. ಅದು ಮಡು. ಪಾಪ, ಮಾದಮ್ಮನ ಊರಿಗೆ ಈಚಲದೊಡ್ಡಿ ಎಂದೇ ಹೆಸರು. ಅಳೆದ ದೊರೆಗಳು ಅದನ್ನು ಬರೆಯುವುದನ್ನು ಬಿಟ್ಟಿದ್ದರು, ಅಷ್ಟೆ.

ಅಡುಗೆಮನೆಗೆ ಹೋಗಿ ಅವರೆಕಾಯಿ ಬಿಡಿಸುತ್ತಿದ್ದ ರತ್ನಳಿಗೆ ಪಿಸುಮಾತಿನಲ್ಲಿ ವಿಷಯ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಅವ್ವನಿಗೆ ಅದು ಅವತ್ತೇ ಗೊತ್ತಿತ್ತು ಎಂದಳು. ಬಸ್ಸಿನಲ್ಲಿ ಭುಜಕ್ಕೆ ಒರಗಿ ಹೇಳಿದ್ದು ಅದನ್ನೇ. ಮತ್ತೆ ಯಾಕೆ ಇದೇ ಎಂದರು ಎಂದು ಕೇಳಿದೆ.

“ನೀವು ನಿಮ್ಮ ಮುಖ ನೋಡ್ಕೊಂಡಿರಲಿಲ್ಲ ಕಣ್ರೀ” ಎಂದಳು ರತ್ನ. “ಅಳಿಯಂದ್ರು ಮೈ ಕೈ ಎಲ್ಲ ತರಚ್ಕಂಡು ಒಂದು ಊರು ಹುಡುಕ್ಕೊಂಡ್ ಬಂದು ಮುಂದಿಟ್ಟವ್ರೆ, ಅಲ್ಲ ಅನ್ನಕ್ಕೆ ನಂಗೆ ಬಾಯಿ ಬರ್ಲಿಲ್ಲ ಅಂತು ಅವ್ವ.”

ನಡುಮನೆಗೆ ಬಂದೆ. ಅತ್ತೆ ಬಾಗಿಲ ಬಳಿ ಬಿಸಿಲಿಗೆ ಕಾಲು ಚಾಚಿಕೊಂಡು ಕೂತಿದ್ದರು. ಮಾವ ಎದುರಿಗೆ ಎಲೆ ಅಡಿಕೆ ಹಾಕುತ್ತಿದ್ದರು. ನಕ್ಷೆಯನ್ನು ಗೋಡೆಯಿಂದ ಇಳಿಸಿ ಅತ್ತೆಯ ಮುಂದೆ ಹಾಸಿ, ನಾನು ತಪ್ಪು ಓದಿದ್ದನ್ನು ಒಪ್ಪಿಕೊಂಡೆ. ಎಡಗಡೆಯ ಚೌಕಗಳನ್ನು, ಉಬ್ಬಿದ ಹಳ್ಳವನ್ನು ಭೂತಗನ್ನಡಿಯಲ್ಲಿ ತೋರಿಸಿದೆ. ನಿಜವಾದ ಬಸವನಮಡು ಇದು, ನಿಮ್ಮ ಬಂಡೆ ಇಲ್ಲಿಯೇ ಇರಬೇಕು, ಬೇಸಿಗೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಅತ್ತೆ ಕನ್ನಡಿಯ ಮೂಲಕ ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಸಮಾಧಾನ ಮಾಡುವವರ ಹಾಗೆ ಹೇಳಿದರು:

“ಅದಕ್ಯಾಕೆ ಮುಖ ಸಣ್ಣ ಮಾಡ್ಕತೀರ ಅಳಿಯಂದ್ರೆ. ಇಲ್ಲೀಗಂಟ ಒಂದೂ ಇರ್ಲಿಲ್ಲ. ಈಗ ಎಲ್ಡು ತವರಾಯ್ತು ಅನ್ಕಳಿ.”

ಮಾವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ, ಒಂದಕ್ಕೇ ತಮಗೆ ಸಾಕಾಗಿದೆ ಎಂದು ಗೊಣಗಿದರು.

ಬೇಸಿಗೆಗೆ ಹೊರಡುವುದೆಂದು ಗೊತ್ತಾಗಿದೆ. ಮೊದಲು ಈಚಲದೊಡ್ಡಿಗೆ ಹೋಗಿ ಮಾದಮ್ಮನಿಗೆ ಸೀರೆ ಕೊಟ್ಟು, ಅವಳನ್ನೂ ಕರೆದುಕೊಂಡು ಗುಡ್ಡ ದಾಟುವುದೆಂದು ಅತ್ತೆ, ಮಗಳು ಸೇರಿ ತೀರ್ಮಾನಿಸಿದ್ದಾರೆ. ನಾನು ಭೂತಗನ್ನಡಿ ಹಿಡಿದು ಎಡಗಡೆಯ ಚೌಕಗಳನ್ನು ದಿನಾ ಪರೀಕ್ಷಿಸುತ್ತಿದ್ದೇನೆ. ನಿಜ ಹೇಳಬೇಕೆಂದರೆ, ಅವುಗಳಿಂದ ತುಸು ಮೇಲೆ ಇನ್ನೊಂದು ಕಡ್ಡಿಚೂರಿನಷ್ಟು ಗುರುತು ಇದೆ. ಅದು ಮನೆಯೋ, ಎಂದೋ ಸತ್ತ ನುಸಿಯೋ ತಿಳಿಯುತ್ತಿಲ್ಲ. ಈ ಅನುಮಾನವನ್ನು ಇನ್ನೂ ಯಾರಿಗೂ ಹೇಳಿಲ್ಲ. ಹೇಳಿಯೂ ಪ್ರಯೋಜನವಿಲ್ಲ. ನಾನು ಮುಳ್ಳಿಗೆ ಮೈ ತರಚಿಕೊಂಡು ಯಾವ ದಡದ ಮೇಲೆ ನಿಲ್ಲಿಸಿ ಕೇಳಿದರೂ ಅತ್ತೆ ಒಂದು ಸಲ ನೀರು ನೋಡಿ, ಒಂದು ಸಲ ನನ್ನ ಮುಖ ನೋಡಿ, ಹೂಂ ಇದೇಯ ಎನ್ನುತ್ತಾರೆ. ನನ್ನ ಮುಖ ಹಾಗೆ ಕಾಣದಂತೆ ಏನು ಮಾಡಬೇಕು ಎನ್ನುವುದು ಯಾವ ನಕ್ಷೆಯಲ್ಲೂ ಬರೆದಿಲ್ಲ.